ಮಸೀದಿಯಲ್ಲಿ ಚಿಕ್ಕಪ್ಪ ಹೊತ್ತುಕೊಂಡ ಸಾಲ

ನನ್ನ ಚಿಕ್ಕಪ್ಪನ ಗಂಟಲು ದೊಡ್ಡದು. ಮೈಕ್ ಇಲ್ಲದೆ ಮಾತಾಡಿದರೂ ಮಸೀದಿಯ ಕೊನೆಯ ಸಾಲಿನವರಿಗೆ ಕೇಳಿಸುತ್ತದೆ. ನನ್ನ ತಂದೆ ತೀರಿಕೊಂಡ ದಿನ ಅವನು ಆ ಗಂಟಲನ್ನು ಬಳಸಿದ. ಅದರಿಂದ ನಾನೂ ನನ್ನ ತಾಯಿ, ಉಮ್ಮನೂ ಪಟ್ಟ ಪಾಡನ್ನು ಬರೆಯಲು ಕೂತಿದ್ದೇನೆ. ಸ್ವಲ್ಪ ಸಮಾಧಾನದಿಂದ ಬರೆ ಎಂದು ನನ್ನ ಗಂಡ ಫೋನಿನಲ್ಲಿ ಬುದ್ಧಿ ಹೇಳುತ್ತಾನೆ. ಅವನು ಇರುವುದು ಗಲ್ಫಿನಲ್ಲಿ. ಅಲ್ಲಿ ಕೂತು ಸಮಾಧಾನ ಹೇಳುವುದು ಸುಲಭ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಮಯ್ಯತ್ತನ್ನು, ಅಂದರೆ ಶವವನ್ನು, ಮಸೀದಿಗೆ ತಂದು, ಜನಾಝಾ ನಮಾಝಿಗೆ ಎಲ್ಲರೂ ಸಾಲುಗಟ್ಟಿ ನಿಂತ ಮೇಲೆ, ಮನೆಯವರಲ್ಲಿ ಒಬ್ಬರು ಮುಂದೆ ಬಂದು ಹೇಳಬೇಕು: ತೀರಿಕೊಂಡವರು ಯಾರಿಗಾದರೂ ಸಾಲ ಕೊಡಲಿಕ್ಕಿದ್ದರೆ ನಮ್ಮ ಹತ್ತಿರ ಬನ್ನಿ, ತೀರಿಸುತ್ತೇವೆ, ಇಲ್ಲವಾದರೆ ಮನಸ್ಸಿನಿಂದ ಬಿಟ್ಟುಬಿಡಿ. ಸಾಲ ತೀರುವ ತನಕ ಸತ್ತವರ ರೂಹು, ಅಂದರೆ ಆತ್ಮ, ಅತ್ತಲೂ ಹೋಗದೆ ಇತ್ತಲೂ ಬಾರದೆ ತೂಗಾಡುತ್ತಿರುತ್ತದೆ ಎಂಬ ನಂಬಿಕೆ. ಸಾಮಾನ್ಯವಾಗಿ ಇದನ್ನು ಮಗ ಹೇಳುತ್ತಾನೆ. ನನ್ನ ಉಪ್ಪನಿಗೆ ಮಗ ಇರಲಿಲ್ಲ. ನಾನೊಬ್ಬಳೇ ಮಗಳು. ನಾನು ಆ ಹೊತ್ತಿಗೆ ಬಜಪೆಯ ಮನೆಯಲ್ಲಿ ಹೆಂಗಸರ ನಡುವೆ ಉಮ್ಮನನ್ನು ಹಿಡಿದುಕೊಂಡು ಕೂತಿದ್ದೆ. ನನ್ನ ಗಂಡನಿಗೆ ವಿಮಾನದ ಟಿಕೆಟ್ ಸಿಕ್ಕಿರಲಿಲ್ಲ. ಹಾಗಾಗಿ ಉಪ್ಪನ ತಮ್ಮ ಮುಂದೆ ಹೋಗಿ ನಿಂತ.

ದಫನ ಮುಗಿಸಿ ಗಂಡಸರು ಮನೆಗೆ ಬಂದರು. ತಾನು ಏನು ಹೇಳಿದೆ ಎಂಬುದನ್ನು ಚಿಕ್ಕಪ್ಪನೇ ಅಂಗಳದಲ್ಲಿ ನಿಂತು ಇನ್ನೊಮ್ಮೆ ಹೇಳಿ ತೋರಿಸಿದ.

"ನನ್ನ ಅಣ್ಣನ ಒಂದೊಂದು ಪೈಸೆಯನ್ನೂ ಅವನ ಹೆಂಡತಿ, ಮಗಳು ತೀರಿಸ್ತಾರೆ. ಯಾರೂ ಹೆದರ್ಬೇಡಿ. ಬ್ಯಾಂಕಿನವರಾದ್ರೂ ಸರಿ, ಬಜಪೆಯ ಮನೆಗೆ ಬನ್ನಿ ಅಂತ ಹೇಳಿದೆ. ಕೆಲವರ ಕಣ್ಣಲ್ಲಿ ನೀರು ಬಂತು."

ಬರದೆ ಇರುತ್ತದೆಯೇ? ಬೇರೆಯವರ ಮನೆಯ ವಿಳಾಸ ಕೊಟ್ಟು ಉದಾರಿಯಾಗುವ ಮನುಷ್ಯನನ್ನು ಕಂಡರೆ ಯಾರಿಗಾದರೂ ಕಣ್ಣಲ್ಲಿ ನೀರು ಬರಬೇಕು. ತೀರಿಸುತ್ತೇವೆ ಎಂದು ಹೇಳುವುದು ಪದ್ಧತಿ. ಬ್ಯಾಂಕಿನವರಾದರೂ ಸರಿ ಎಂದು ಸೇರಿಸಲು ಇವನಿಗೆ ಹೇಳಿದವರು ಯಾರು?

ಉಪ್ಪನಿಗೆ ಪೇಟೆಯಲ್ಲಿ ಒಂದು ಬಾಡಿಗೆಯ ರೆಡಿಮೇಡ್ ಬಟ್ಟೆಯಂಗಡಿ ಇತ್ತು. ಮನುಷ್ಯ ಬಹಳ ಒಳ್ಳೆಯವರು, ಲೆಕ್ಕದಲ್ಲಿ ಮಾತ್ರ ಶುದ್ಧ ದಡ್ಡರು. ಇದನ್ನು ನಾನು ಅವರ ಮುಖಕ್ಕೇ ಹೇಳುತ್ತಿದ್ದೆ, ಅವರು ನಗುತ್ತಿದ್ದರು. ಜನ ಮೊಬೈಲಿನಲ್ಲೇ ಬಟ್ಟೆ ತರಿಸಿಕೊಳ್ಳಲು ಶುರು ಮಾಡಿದ ಮೇಲೆ ಅಂಗಡಿ ಕುಸಿಯಿತು. ಹಬ್ಬದ ಮಾಲಿಗೆಂದು ಕ್ರೆಡಿಟ್ ಕಾರ್ಡ್ ಉಜ್ಜಿದರು, ಕಾರ್ಡಿನ ಬಾಕಿ ಕಟ್ಟಲು ಮೊಬೈಲ್ ಆ್ಯಪಿನಲ್ಲಿ ಸಾಲ ತೆಗೆದರು, ಎಲ್ಲವನ್ನೂ ಒಟ್ಟಿಗೆ ಮುಚ್ಚಲು ಕೊನೆಗೆ ಒಂದು ಬ್ಯಾಂಕಿನಿಂದ ದೊಡ್ಡ ಪರ್ಸನಲ್ ಲೋನ್ ಎತ್ತಿದರು. ಅಡವು ಏನೂ ಇಲ್ಲ, ಬರೀ ಸಹಿ ಮತ್ತು ಭದ್ರತೆಗೆಂದು ಕೆಲವು ಖಾಲಿ ಚೆಕ್ಕು. ಸಾಲ ಕೊಡುವಾಗ ಬ್ಯಾಂಕಿನ ಹುಡುಗಿ ಅಂಗಡಿಗೇ ಬಂದು, ಅಂಕಲ್ ಅಂಕಲ್ ಎಂದು ಕರೆದು, ಫೋಟೋ ತೆಗೆದುಕೊಂಡು ಹೋದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕಂತು ತಪ್ಪಲು ಶುರುವಾದ ಮೇಲೆ ಆ ಅಂಕಲ್ ಎಲ್ಲಿಗೋ ಹೋಯಿತು. ಆಮೇಲೆ ಬಂದವರೆಲ್ಲ ಉಪ್ಪನನ್ನು ಏಕವಚನದಲ್ಲಿ ಕರೆದರು. ಒಂದು ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವಾಗಲೇ ಅವರ ಎದೆ ನಿಂತುಹೋಯಿತು.

ಬಜಪೆಯ ಮನೆ ಉಪ್ಪನದ್ದಲ್ಲ. ಉಮ್ಮನ ತಂದೆ ಮಗಳಿಗೆಂದು ಬರೆದುಕೊಟ್ಟ ಹಳೆಯ ಹಂಚಿನ ಮನೆ, ಸುತ್ತ ಸ್ವಲ್ಪ ಜಾಗ. ವಿಮಾನ ಇಳಿಯುವಾಗ ಕಿಟಕಿಯ ಗಾಜು ಅದುರುತ್ತದೆ. ಉಮ್ಮ ಹುಟ್ಟಿದ್ದು ಅಲ್ಲೇ, ನನ್ನನ್ನು ಹೆತ್ತದ್ದೂ ಅಲ್ಲೇ. ಅವಳ ಹೆಸರಿನಲ್ಲಿ ಈ ಭೂಮಿಯ ಮೇಲೆ ಬೇರೆ ಏನೂ ಇಲ್ಲ. ಚಿಕ್ಕಪ್ಪ ಇಡೀ ಊರಿಗೆ ತೋರಿಸಿಕೊಟ್ಟದ್ದು ಈ ಮನೆಯನ್ನು.

ಮೊದಲು ಬಂದವರು ಕೈಸಾಲ ಕೊಟ್ಟವರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಪಕ್ಕದಂಗಡಿಯವರು, ಪ್ಯಾಂಟಿನ ಕಾಲು ಮಡಚಿ ಹೊಲಿದುಕೊಡುತ್ತಿದ್ದ ಹೆಂಗಸು, ಚಹಾದ ಹೋಟೆಲಿನವರು. ಉಮ್ಮ ಆಗ ಇದ್ದತ್ತಿನಲ್ಲಿದ್ದಳು. ಗಂಡ ಸತ್ತ ಹೆಂಗಸು ಆ ತಿಂಗಳುಗಳಲ್ಲಿ ಹೊರಗೆ ಹೋಗುವುದಿಲ್ಲ, ಪರಗಂಡಸರೆದುರು ಬರುವುದಿಲ್ಲ. ಒಳಕೋಣೆಯ ಪರದೆಯ ಹಿಂದೆ ಕೂತು ಎಲ್ಲರ ಮಾತು ಕೇಳಿದಳು. ಅಂಗಡಿಯ ಉಳಿದ ಬಟ್ಟೆ ಮಾರಿ, ಅದು ಸಾಲದೆ ತನ್ನ ಬಳೆ ಮಾರಿಸಿ, ಕೇಳಿದವರಿಗೆ ಕೊಟ್ಟಳು. ಕೆಲವರು ತೆಗೆದುಕೊಂಡರು. ಹೋಟೆಲಿನವರು ಮಾತ್ರ ಪರದೆಯ ಕಡೆ ತಿರುಗಿ, ಉಪ್ಪನ ಹೆಸರು ಹಿಡಿದು, "ಅವರು ನನಗೆ ಕೊಡ್ಲಿಕ್ಕೆ ಇದ್ದದ್ದನ್ನು ನಾನು ಬಿಟ್ಟೆ. ಅಲ್ಲಾಹನ ಮುಂದೆ ಬಿಟ್ಟೆ" ಎಂದು ಹೇಳಿ ಹೋದರು. ಆ ದಿನ ಉಮ್ಮ ಎಷ್ಟೋ ದಿನಗಳ ನಂತರ ಹೊಟ್ಟೆ ತುಂಬ ಊಟ ಮಾಡಿದಳು.

ಅದೇ ವಾರ ಚಿಕ್ಕಪ್ಪನೂ ಬಂದ. ಉಪ್ಪ ಬಟ್ಟೆಯ ಕಟ್ಟು ಸಾಗಿಸುತ್ತಿದ್ದ ಹಳೆಯ ವ್ಯಾನ್ ಅಂಗಳದಲ್ಲಿ ನಿಂತಿತ್ತು. "ಸುಮ್ಮನೆ ನಿಂತ್ರೆ ಹಾಳಾಗ್ತದೆ, ಅಣ್ಣನ ನೆನಪಿಗೆ ನನ್ನ ಹತ್ರ ಇರ್ಲಿ" ಎಂದು ಮೊಳೆಯಲ್ಲಿ ನೇತಾಡುತ್ತಿದ್ದ ಕೀ ತೆಗೆದುಕೊಂಡು ಓಡಿಸಿಕೊಂಡೇ ಹೋದ. ಅಣ್ಣನ ನೆನಪಿಗೆ ಮೆಟ್ಟಿಲ ಹತ್ತಿರ ಅವರ ಚಪ್ಪಲಿಯೂ ಇತ್ತು. ಅದು ಅವನ ಕಣ್ಣಿಗೆ ಬೀಳಲಿಲ್ಲ.

ನಾನು ಫಳ್ನೀರಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಬ್ಯಾಂಕಿನ ವಸೂಲಿಯವರು ಮೊದಲು ಹಿಡಿದದ್ದು ಅಲ್ಲಿಯ ರಿಸೆಪ್ಷನ್ನಿನ ಫೋನನ್ನು. ಯಾರದೋ ತೋಳಿಗೆ ಪಟ್ಟಿ ಬಿಗಿದು ನರ ಹುಡುಕುತ್ತಿರುವಾಗ ನನಗೆ ಕರೆ ಬರುತ್ತಿತ್ತು.

"ನಿಮ್ಮ ತಂದೆ ಎಲ್ಲಿ ಓಡಿಹೋಗಿದ್ದಾರೆ?"

"ಸತ್ತುಹೋಗಿದ್ದಾರೆ."

"ಸಾಯುವ ಮೊದಲು ಕಟ್ಬೇಕಿತ್ತಲ್ಲ ಮೇಡಂ."

ಇಂಥ ಮಾತು ಆಡುವವನಿಗೂ ಮನೆಯಲ್ಲಿ ಅನ್ನ ಬಡಿಸುವವರು ಇರುತ್ತಾರಲ್ಲ ಎಂದು ನನಗೆ ಹೊಟ್ಟೆ ಉರಿಯುತ್ತಿತ್ತು. ಫೋನಿಗೆ ನಾನು ಬಗ್ಗದಿದ್ದಾಗ ಇಬ್ಬರು ಬೈಕಿನಲ್ಲಿ ಮನೆಗೇ ಬಂದರು. ಗೇಟಿನಲ್ಲಿ ನಿಂತು, ಪಕ್ಕದ ಮನೆಯವರಿಗೂ ಕೇಳುವ ಹಾಗೆ, ಮನೆಗೆ ಬೀಗ ಜಡಿಯುತ್ತೇವೆ, ಚೆಕ್ ಬೌನ್ಸ್ ಕೇಸು ಹಾಕಿ ಮುದುಕಿಯನ್ನು ಜೈಲಿಗೆ ಕಳಿಸುತ್ತೇವೆ ಎಂದರು. ಇದ್ದತ್ತಿನಲ್ಲಿರುವ ಹೆಂಗಸಿನ ಮನೆಯ ಗೇಟಿನಲ್ಲಿ. ನಾನು ಬಕೆಟಿನಲ್ಲಿದ್ದ ಮೀನು ತೊಳೆದ ನೀರನ್ನು ಗೇಟಿನ ಬುಡಕ್ಕೆ ಚೆಲ್ಲಿದೆ. ಅವರ ಶೂಗಳಿಗೆ ಬಿತ್ತು. ಬೀಳಲಿ ಎಂದೇ ಚೆಲ್ಲಿದ್ದೆ.

ಅದರ ಮರುದಿನ ಡ್ಯೂಟಿ ಮುಗಿಸಿ ಮಣ್ಣಗುಡ್ಡದಲ್ಲಿರುವ ಒಬ್ಬರು ವಕೀಲೆಯ ಆಫೀಸಿಗೆ ಹೋದೆ. ತುಳು ಮಾತಾಡುವ, ನನಗಿಂತಲೂ ಬೇಗ ಸಿಟ್ಟು ಬರುವ ಹೆಂಗಸು. ನಾನು ಹೇಳಿದ್ದನ್ನೆಲ್ಲ ಕೇಳಿ ಕನ್ನಡಕ ತೆಗೆದಿಟ್ಟರು.

"ಸತ್ತವರು ಕೊಟ್ಟ ಚೆಕ್ಕಿಗೆ ಜೈಲಿಗೆ ಹೋಗುವವರು ಯಾರು? ಆ ಕೇಸು ಅವರ ಜೊತೆಗೇ ಹೋಯ್ತು. ಇದು ಅಡವಿಲ್ಲದ ಸಾಲ. ಕೋರ್ಟಿಗೆ ಹೋಗದೆ ಯಾರೂ ಯಾವ ಮನೆಗೂ ಬೀಗ ಹಾಕ್ಲಿಕ್ಕಾಗುದಿಲ್ಲ. ಅವರು ನೋಟಿಸು ಕಳಿಸ್ಬಹುದು, ಸಿವಿಲ್ ದಾವೆ ಹಾಕ್ಬಹುದು. ಗೆದ್ದರೂ ನಿಮ್ಮ ತಂದೆ ಬಿಟ್ಟುಹೋದ ಸೊತ್ತು ವಾರಸುದಾರರ ಕೈಗೆ ಎಷ್ಟು ಬಂದಿದೆಯೋ ಅಷ್ಟರಿಂದ ಮಾತ್ರ ವಸೂಲು. ನಿಮ್ಮ ಸಂಬಳ ಮುಟ್ಲಿಕ್ಕಿಲ್ಲ. ಮನೆ ನಿಮ್ಮ ಅಮ್ಮನದ್ದು ಅಂತ ಪತ್ರ ಉಂಟಲ್ಲ? ಹಾಗಾದ್ರೆ ಅದೂ ಇಲ್ಲ."

"ನನ್ನ ಚಿಕ್ಕಪ್ಪ ಮಸೀದಿಯಲ್ಲಿ ಹೇಳಿದ್ದು?"

"ಅವರು ಎಲ್ಲಿ ಬೇಕಾದ್ರೂ ಹೇಳ್ಲಿ ಮಾರಾಯ್ತಿ. ಬೇರೆಯವರ ಪರವಾಗಿ ಬಾಯಲ್ಲಿ ಹೇಳಿದ್ದು ನಿಮ್ಮನ್ನು ಕಟ್ಟಿಹಾಕುದಿಲ್ಲ. ಆದ್ರೆ ಒಂದು ಮಾತು ನೆನಪಿಟ್ಕೊಳ್ಳಿ. ಸಹಿ ಹಾಕ್ಬೇಡಿ. ಸಾಲ ನಾನು ಒಪ್ಪಿದ್ದೇನೆ, ನಾನು ಕಟ್ತೇನೆ ಅಂತ ನಿಮ್ಮ ಅಮ್ಮ ಒಂದು ಕಾಗದಕ್ಕೆ ಸಹಿ ಹಾಕಿದ್ರೋ, ಆ ಸಾಲ ಅವರದ್ದಾಗ್ತದೆ. ಆಮೇಲೆ ಮನೆಗೂ ಬರ್ತಾರೆ."

ಬಜಪೆಯ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಗೆದ್ದೆ ಎಂದುಕೊಂಡು ಮನೆಗೆ ಬಂದೆ. ಆ ವಸೂಲಿಯವರ ಬುದ್ಧಿ ಎಷ್ಟು ಆಳದ್ದು ಎಂದು ನನಗೆ ಆಗ ಗೊತ್ತಿರಲಿಲ್ಲ.

ಕೆಲವು ದಿನ ಯಾರೂ ಬರಲಿಲ್ಲ. ಒಂದು ಸಂಜೆ ಕೆಲಸದಿಂದ ಬಂದು ನೋಡಿದರೆ ಮೆಟ್ಟಿಲ ಹತ್ತಿರ ಗಂಡಸರ ಚಪ್ಪಲಿ, ಉಪ್ಪನ ಚಪ್ಪಲಿಯ ಪಕ್ಕದಲ್ಲೇ. ಒಳಗೆ ಚಾವಡಿಯಲ್ಲಿ ಬಿಳಿ ಟೊಪ್ಪಿ ಹಾಕಿದ ಒಬ್ಬ ಮನುಷ್ಯ ಚಹಾ ಕುಡಿಯುತ್ತಿದ್ದ. ಗೇಟಿನಲ್ಲಿ ಕೂಗಾಡುವವರಿಂದ ಕೆಲಸ ಆಗಲಿಲ್ಲವೆಂದು ವಸೂಲಿಯ ಕಂಪೆನಿ ಈ ಸಲ ನಮ್ಮವನನ್ನೇ ಆರಿಸಿ ಕಳಿಸಿತ್ತು. ಸಲಾಂ ಹೇಳಿ, ಉಪ್ಪನ ಹೆಸರಿನಲ್ಲಿ ದುಆ ಮಾಡಿ, ಅಚ್ಚ ಬ್ಯಾರಿ ಭಾಷೆಯಲ್ಲಿ ಮಾತಾಡಿ ಪರದೆಯ ಹಿಂದಿನಿಂದ ಚಹಾ ತರಿಸಿಕೊಂಡಿದ್ದ.

"ಉಮ್ಮಾ, ಕಂಪೆನಿಯ ಮಾತು ಬಿಡಿ" ಎನ್ನುತ್ತಿದ್ದ. "ನಾನು ನಿಮ್ಮ ಮಗನ ಹಾಗೆ. ಅಷ್ಟು ಒಳ್ಳೆಯ ಮನುಷ್ಯನ ರೂಹು ಅಲ್ಲಿ ತೂಗಾಡ್ತಾ ಉಂಟಲ್ಲ, ನಿಮಗೆ ನಿದ್ದೆ ಹೇಗೆ ಬರ್ತದೆ?"

ಪರದೆಯ ಹಿಂದೆ ಉಮ್ಮ ಬಿಕ್ಕುತ್ತಿದ್ದಳು. ಟೀಪಾಯಿಯ ಮೇಲೆ ಒಂದು ಕಾಗದ, ಅದರ ಮೇಲೆ ಪೆನ್ನು. ಗಂಡನ ಸಾಲವನ್ನು ನಾನು ಒಪ್ಪಿಕೊಂಡಿದ್ದೇನೆ, ಕಂತುಗಳಲ್ಲಿ ತೀರಿಸುತ್ತೇನೆ ಎಂದು ಕನ್ನಡದಲ್ಲೇ ಬರೆದಿತ್ತು. ಮಗಳು ಬರುವವರೆಗೆ ತಡೆಯಿರಿ ಎಂದು ಉಮ್ಮ ಹೇಳಿದ್ದಳಂತೆ. ನನ್ನ ಬಸ್ಸು ಆ ದಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಿದ್ದರೆ ಅವಳ ಮನಸ್ಸು ಎಲ್ಲಿಯವರೆಗೆ ತಡೆಯುತ್ತಿತ್ತೋ ಗೊತ್ತಿಲ್ಲ.

"ಈ ದುಆಕ್ಕೆ ನಿಮಗೆ ಕಮಿಷನ್ ಎಷ್ಟು?" ಎಂದು ಕೇಳಿದೆ.

"ಕಲಿತವರು ನೀವು, ಹೀಗೆಲ್ಲ ಮಾತಾಡ್ಬಾರದು."

"ಕಲಿತದ್ದಕ್ಕೇ ಕೇಳ್ತಾ ಇದ್ದೇನೆ. ಮೊನ್ನೆ ನಿಮ್ಮವರು ಬಂದು ಜೈಲು ಅಂತ ಹೆದರಿಸಿದ್ರು. ಇವತ್ತು ನೀವು ಬಂದು ಕಬರ್ ಅಂತ ಹೆದರಿಸ್ತೀರಿ. ನಾಳೆ ಯಾರನ್ನು ಕಳಿಸ್ಲಿಕ್ಕೆ ಉಂಟು?"

ಕಾಗದವನ್ನು ಮಡಚಿ ಅವನ ಅಂಗಿಯ ಜೇಬಿಗೆ ತುರುಕಿದೆ. ಅವನು ಚಹಾ ಪೂರ್ತಿ ಕುಡಿದೇ ಎದ್ದ. ಮೆಟ್ಟಿಲಿಳಿದು ಚಪ್ಪಲಿ ಮೆಟ್ಟುತ್ತ ಹೇಳಿದ: "ಮಸೀದಿಯಲ್ಲಿ ಅಷ್ಟು ಜನರ ಮುಂದೆ ಹೇಳಿದ್ದು ನಿಮ್ಮ ಮನೆಯವರೇ. ನಾನಲ್ಲ."

ಅವನನ್ನು ಓಡಿಸಿದ್ದಕ್ಕೆ ಉಮ್ಮ ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ. ಪರದೆ ಸರಿಸಿ ಹೊರಗೆ ಬಂದವಳ ಮುಖ ನೋಡಿದ ಕೂಡಲೇ ನನ್ನ ಜಂಬ ಇಳಿಯಿತು.

"ಅವನು ಸುಳ್ಳು ಹೇಳಿದನಾ?"

"ಹೊಟ್ಟೆಪಾಡಿಗೆ ಹೇಳಿದ ಉಮ್ಮ."

"ಹೊಟ್ಟೆಪಾಡಿಗೆ ಹೇಳಿದ್ರೆ ನಿಜ ಸುಳ್ಳಾಗ್ತದಾ?"

ವಕೀಲೆ ಹೇಳಿದ್ದನ್ನೆಲ್ಲ ನಾನು ಇನ್ನೊಮ್ಮೆ ಬಿಡಿಸಿ ಹೇಳಿದೆ. ಸೊತ್ತು, ವಾರಸುದಾರರು, ದಾವೆ. ಅವಳು ಮಧ್ಯದಲ್ಲೇ ತಡೆದು, "ನಿನ್ನ ಕಾನೂನು ಕಬರಿನ ಒಳಗೆ ಹೋಗ್ತದಾ?" ಎಂದು ಕೇಳಿದಳು. ನಾನು ಸಿಟ್ಟಿನಿಂದ ಪಾತ್ರೆ ತೊಳೆಯಲು ಹೋದೆ. ಒಂದು ತಟ್ಟೆ ಒಡೆಯಿತು.

ಆಮೇಲಿನ ದಿನಗಳು ಮನೆಯಲ್ಲಿ ಕೆಟ್ಟದಾಗಿ ಹೋದವು. ಉಮ್ಮ ಊಟದ ಮುಂದೆ ಕೂತು ಎದ್ದುಬಿಡುತ್ತಿದ್ದಳು. ಬಟ್ಟೆ ಒಣಗಿಸುತ್ತ ಹಗ್ಗದ ಮೇಲೆ ಉಪ್ಪನ ಲುಂಗಿ ಗಾಳಿಗೆ ತೂಗಾಡಿದರೆ ಅದನ್ನು ಥಟ್ಟನೆ ಎಳೆದು ಒಳಗೆ ತರುತ್ತಿದ್ದಳು. ನಾವು ಒಬ್ಬರ ಮೇಲೊಬ್ಬರು ಹರಿಹಾಯುತ್ತಿದ್ದೆವು. ಬ್ಯಾಂಕಿನವನ ಮೇಲಿನ ಸಿಟ್ಟು ಉಮ್ಮನ ಮೇಲೆ ಬರುತ್ತಿತ್ತು, ಸತ್ತ ಗಂಡನ ಮೇಲಿನ ಅವಳ ಸಂಕಟ ನನ್ನ ಮೇಲೆ ಬರುತ್ತಿತ್ತು. ಇದ್ದತ್ತು ಮುಗಿದ ದಿನ ಅವಳು ಹೇಳಿದಳು: "ಮನೆ ಮಾರುವ. ನಾವು ಎಲ್ಲಿಯಾದ್ರೂ ಬಾಡಿಗೆಗೆ ಇರುವ."

ಅವಳು ಅದನ್ನು ನನಗೆ ಹೇಳುವ ಮೊದಲೇ ಮೈದುನನಿಗೆ ಹೇಳಿದ್ದಳು ಎಂದು ತಿಳಿದದ್ದು ಮರುದಿನ, ಚಿಕ್ಕಪ್ಪ ನಮ್ಮದೇ ವ್ಯಾನಿನಲ್ಲಿ ಜಾಗ ಕೊಳ್ಳುವ ಒಬ್ಬ ಪಾರ್ಟಿಯನ್ನು ಕೂರಿಸಿಕೊಂಡು ಬಂದಾಗ. ಚಿಕ್ಕಪ್ಪನ ಕಸುಬು ಜಾಗದ ದಲ್ಲಾಳಿ. ಏರ್‌ಪೋರ್ಟಿನ ಹತ್ತಿರದ ಜಾಗವೆಂದರೆ ಅವನಿಗೆ ಬಾಯಲ್ಲಿ ನೀರು. ಬಂದವನು ಮನೆಯ ಕಡೆ ತಲೆಯೆತ್ತಿ ನೋಡಲೂ ಇಲ್ಲ. ಅಂಗಳದ ಉದ್ದಗಲಕ್ಕೆ ಹೆಜ್ಜೆ ಹಾಕಿ, ಉಮ್ಮ ನೆಟ್ಟ ಮಲ್ಲಿಗೆಯ ಬಳ್ಳಿಯ ಹತ್ತಿರ ನಿಂತು ಎಲ್ಲಿಗೆ ಗೇಟು ಇಡಬೇಕು ಎಂದು ಮಾತಾಡಿದ.

"ಅಣ್ಣನ ರೂಹಿಗೆ ಶಾಂತಿ ಸಿಕ್ಕಿದ್ರೆ ಸಾಕು ಅತ್ತಿಗೆ" ಎಂದ ಚಿಕ್ಕಪ್ಪ. "ನಾನು ಪೂರ್ತಿ ಕಮಿಷನ್ ತೆಗೊಳ್ಳುದಿಲ್ಲ. ಮನೆಯವನಲ್ವಾ."

"ಅರ್ಧ ತೆಗೊಳ್ತೀರಾ?" ಎಂದೆ ನಾನು.

"ನೀನು ಸುಮ್ನಿರು" ಎಂದಳು ಉಮ್ಮ. ಮುಂದಿನ ಸೋಮವಾರ ಅಡ್ವಾನ್ಸ್ ತೆಗೆದುಕೊಂಡು ಅಗ್ರಿಮೆಂಟ್ ಮಾಡುವುದೆಂದು ಮಾತಾಯಿತು. ನಾನು ಆ ವಾರವಿಡೀ ಉಮ್ಮನ ಹತ್ತಿರ ಮಾತು ಬಿಟ್ಟೆ. ಮಾತಾಡಿದರೆ ಏನು ಹೇಳಿಬಿಡುತ್ತೇನೋ ಎಂದು ನನಗೇ ಭಯವಾಗಿತ್ತು.

ಸೋಮವಾರ ಬರುವ ಮೊದಲು ಕೋರ್ಟಿನ ಅಮೀನ ಸಮನ್ಸು ಹಿಡಿದುಕೊಂಡು ಬಂದ. ನಾವು ಸಹಿ ಹಾಕದ್ದರಿಂದ ಬ್ಯಾಂಕು ಸಿವಿಲ್ ದಾವೆ ಹಾಕಿತ್ತು. ಸಮನ್ಸನ್ನು ಮೊಬೈಲಿನಲ್ಲಿ ಫೋಟೋ ತೆಗೆದು ವಕೀಲೆಗೆ ಕಳಿಸಿದೆ. ಅವರು ಕೂಡಲೇ ಫೋನ್ ಮಾಡಿದರು. ಅವರ ನಗು ನಾನು ಕೇಳಿದ್ದು ಅದೇ ಮೊದಲು.

"ಮೂರನೇ ಪ್ರತಿವಾದಿ ಯಾರು ಅಂತ ನೋಡಿದ್ರಾ? ನಿಮ್ಮ ಚಿಕ್ಕಪ್ಪ. ಗಂಡು ಮಕ್ಕಳಿಲ್ಲದವರು ಸತ್ರೆ ಹೆಂಡತಿ, ಮಗಳ ಜೊತೆ ತಮ್ಮನಿಗೂ ಪಾಲು ಉಂಟು ನಿಮ್ಮಲ್ಲಿ. ಪಾಲು ಉಂಟಾದ್ರೆ ದಾವೆಯಲ್ಲೂ ಹೆಸರು ಉಂಟು."

ಆ ಸಂಜೆಯೇ ವ್ಯಾನ್ ಅಂಗಳಕ್ಕೆ ನುಗ್ಗಿತು. ಚಿಕ್ಕಪ್ಪ ಬಾಗಿಲು ಮುಚ್ಚುವುದನ್ನೂ ಮರೆತು ಇಳಿದು ಬಂದ. ಕೈಯಲ್ಲಿ ಸಮನ್ಸು.

"ಅತ್ತಿಗೆ, ಇದೆಂತ ಇದು? ನನ್ನ ಹೆಸರು ಯಾಕೆ ಹಾಕಿದ್ದಾರೆ? ಅಣ್ಣ ಸಾಲ ಮಾಡಿದ್ದಕ್ಕೂ ನನಗೂ ಎಂತ ಸಂಬಂಧ?"

ಉಮ್ಮ ಚಾವಡಿಯಲ್ಲಿ ಹುರುಳಿ ಆರಿಸುತ್ತಿದ್ದಳು. ಗೆರಸೆಯನ್ನು ಕೆಳಗಿಟ್ಟು, ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡು ಅವನನ್ನು ನೋಡಿದಳು.

"ಅವತ್ತು ಮಸೀದಿಯಲ್ಲಿ ಸಂಬಂಧ ಇತ್ತಲ್ಲ."

"ಅದು ಪದ್ಧತಿ ಅತ್ತಿಗೆ. ಎಲ್ಲರೂ ಹೇಳುವ ಮಾತು. ಹೇಳದಿದ್ರೆ ಜನ ಎಂತ ಹೇಳ್ತಾರೆ?"

"ಜನ ಎಂತ ಹೇಳ್ತಾರೆ ಅಂತ ಹೇಳಿದ್ದಾ?"

ಅವನು ಏನೋ ಹೇಳಲು ಹೋದ. ಉಮ್ಮ ಬಿಡಲಿಲ್ಲ. ನನ್ನ ಉಮ್ಮ ಯಾರ ಹತ್ತಿರವೂ ದನಿ ಎತ್ತಿದವಳಲ್ಲ, ಆ ದಿನವೂ ಎತ್ತಲಿಲ್ಲ.

"ನೀನು ಹೇಳಿದ ಮಾತಿಗೆ ನಾನು ಇಷ್ಟು ದಿನ ಅನ್ನ ಬಿಟ್ಟೆ. ನನ್ನ ತಂದೆ ಕೊಟ್ಟ ಮನೆ ಮಾರ್ಲಿಕ್ಕೆ ಹೊರಟೆ. ಬಾಯಿ ನಿನ್ನದು, ಮನೆ ನನ್ನದಾ?"

ಚಿಕ್ಕಪ್ಪ ನನ್ನ ಕಡೆ ನೋಡಿದ. ನಾನು ಗೋಡೆಗೆ ಒರಗಿ ನಿಂತು ಕಣ್ಣು ತುಂಬ ನೋಡುತ್ತಿದ್ದೆ.

"ಸಾಲ ತೀರಬೇಕು. ಆದ್ರೆ ಮೊದಲು ಸತ್ತವರ ಸೊತ್ತಿನಿಂದ ಸಾಲ, ಆಮೇಲೆ ಉಳಿದವರಿಗೆ ಪಾಲು. ಇದನ್ನು ನನಗೆ ಕೋರ್ಟು ಕಲಿಸ್ಬೇಕಾಗಿಲ್ಲ, ಮದ್ರಸದಲ್ಲೇ ಕಲಿಸಿದ್ದಾರೆ. ಅವರು ಬಿಟ್ಟುಹೋದ ಬಟ್ಟೆ ಮಾರಿ ಕೊಟ್ಟೆ. ಇನ್ನು ಉಳಿದದ್ದು ಅಂಗಳದಲ್ಲಿ ಬಾಗಿಲು ತೆರೆದು ನಿಂತಿದೆ ನೋಡು. ನೀನು ಸಾಲ ತೀರುವ ಮೊದಲೇ ಪಾಲು ತೆಗೊಂಡು ಹೋದೆ." ಗೆರಸೆಯನ್ನು ಮತ್ತೆ ಮಡಿಲಿಗೆ ಎಳೆದುಕೊಂಡಳು. "ಪಾರ್ಟಿಗೆ ಹೇಳು, ಮನೆ ಕೊಡುದಿಲ್ಲ ಅಂತ."

ನನಗೆ ಕುಣಿಯಬೇಕು ಎನಿಸಿತು. ಆದರೆ ಉಮ್ಮ ಹೆಕ್ಕಿದ ಕಲ್ಲನ್ನು ಮತ್ತೆ ಹುರುಳಿಗೇ ಹಾಕುತ್ತಿದ್ದಳು. ಮನೆ ಉಳಿಸಿಕೊಂಡರೂ ಉಪ್ಪ ಇನ್ನೂ ತೂಗಾಡುತ್ತಲೇ ಇದ್ದಾರೆ ಎಂಬುದು ಅವಳ ಮುಖದಲ್ಲೇ ಇತ್ತು.

ವಕೀಲೆ ದಾವೆಯನ್ನು ರಾಜಿಗೆಂದು ಲೋಕ ಅದಾಲತ್ತಿಗೆ ಹಾಕಿಸಿದರು. ಕೋರ್ಟಿನಲ್ಲಿ ಆ ದಿನ ಸಂತೆಯ ಹಾಗೆ ಜನ. ಒಂದೊಂದು ಮೇಜಿನ ಸುತ್ತ ಒಂದೊಂದು ಜಗಳ. ನಮ್ಮ ಮೇಜಿನಲ್ಲಿ ಒಬ್ಬರು ಜಡ್ಜು, ಅವರ ಪಕ್ಕ ಒಬ್ಬರು ವಕೀಲರು. ಎದುರಿಗೆ ಬ್ಯಾಂಕಿನ ವಕೀಲ, ಇಸ್ತ್ರಿ ಮಾಡಿದ ಕೋಟು, ಕೈಯಲ್ಲಿ ಎರಡು ಫೋನು. ಇವನನ್ನು ನೋಡಿದ ಕೂಡಲೇ ಒಂದು ವರ್ಷದಿಂದ ನನ್ನ ಬಾಯಲ್ಲಿ ಕೂಡಿಟ್ಟ ಬೈಗುಳವೆಲ್ಲ ನಾಲಗೆಯ ತುದಿಗೆ ಬಂದು ನಿಂತಿತು. ವಕೀಲೆ ಮೇಜಿನ ಕೆಳಗೆ ನನ್ನ ಕಾಲು ತುಳಿದರು.

ಅವರು ಮನೆಯ ಪತ್ರ ತೋರಿಸಿದರು. ಇದು ಒಂದನೇ ಪ್ರತಿವಾದಿಯ ಸ್ವಂತ ಸೊತ್ತು. ಸತ್ತವರು ಬಿಟ್ಟುಹೋದದ್ದರಲ್ಲಿ ಈಗ ಉಳಿದಿರುವುದು ಒಂದು ವ್ಯಾನ್, ಅದು ಮೂರನೇ ಪ್ರತಿವಾದಿಯ ವಶದಲ್ಲಿದೆ ಎಂದರು. ಬ್ಯಾಂಕಿನ ವಕೀಲ ಅರ್ಧವಾದರೂ ಕಟ್ಟಲಿ, ಕಾಲುಭಾಗವಾದರೂ ಕಟ್ಟಲಿ ಎಂದು ಸ್ವಲ್ಪ ಹೊತ್ತು ಎಳೆದ.

"ಇಲ್ಲದ ಸೊತ್ತಿನಿಂದ ಎಂತ ವಸೂಲು ಮಾಡ್ತೀರಿ?" ಎಂದರು ಜಡ್ಜು. "ಡಿಕ್ರಿ ತೆಗೊಂಡು ಹೋಗಿ ಆ ವ್ಯಾನನ್ನೇ ಹಿಡೀಬೇಕು ನೀವು. ಅಷ್ಟರಲ್ಲಿ ಅದು ಗುಜರಿಗೆ ಹೋಗಿರ್ತದೆ."

ಅವನು ಹೊರಗೆ ಹೋಗಿ ಎರಡು ಫೋನಿನಲ್ಲೂ ಮಾತಾಡಿ ಬಂದ. ವ್ಯಾನ್ ಮಾರಿ ಬಂದದ್ದನ್ನು ಬ್ಯಾಂಕು ತೆಗೆದುಕೊಳ್ಳುವುದು, ಉಳಿದದ್ದನ್ನು ಕೇಳದೆ ದಾವೆ ಮುಗಿಸುವುದು ಎಂದಾಯಿತು. ಚಿಕ್ಕಪ್ಪನ ಮುಖ ಹುಳಿಮಾವು ಕಚ್ಚಿದ ಹಾಗಾಯಿತು.

"ಅದಕ್ಕೆ ಹೊಸ ಟಯರು ಹಾಕ್ಸಿದ್ದು ನಾನು" ಎಂದ. ಅಲ್ಲಿ ಮಾತ್ರ ಅವನ ದನಿ ನಮ್ಮ ಮೇಜಿನಿಂದಾಚೆ ಹೋಗಲಿಲ್ಲ.

"ಓಡಿಸಿದ್ದೂ ನೀವೇ ಅಲ್ವಾ?" ಎಂದರು ಜಡ್ಜು. "ಒಪ್ಪದಿದ್ರೆ ಕೇಸು ನಡೀತದೆ. ಇನ್ನೂ ನಾಲ್ಕು ಸಲ ಬನ್ನಿ."

ಅವನು ಸಹಿ ಹಾಕಿ ಕೀಯನ್ನು ಮೇಜಿನ ಮೇಲಿಟ್ಟ. ನಾನು ಸಹಿ ಹಾಕಿದೆ. ಉಮ್ಮನ ಕೈಗೆ ಪೆನ್ನು ಕೊಟ್ಟರು. ಅವಳು ಅದನ್ನು ಹಿಡಿದುಕೊಂಡು ಕೂತಳು, ಹಾಕಲಿಲ್ಲ.

"ಉಳಿದದ್ದನ್ನು ನೀವು ಬಿಟ್ಟಿದ್ದೀರಾ?" ಎಂದು ಬ್ಯಾಂಕಿನ ವಕೀಲನನ್ನು ಕೇಳಿದಳು.

"ಫುಲ್ ಆ್ಯಂಡ್ ಫೈನಲ್ ಅಂತ ಬರೆದಿದ್ದೇವೆ ಅಮ್ಮ."

"ಬರೆದದ್ದನ್ನು ನನ್ನ ಮಗಳು ಓದ್ತಾಳೆ. ನೀವು ಬಾಯಲ್ಲಿ ಹೇಳಿ. ಅವರ ಹೆಸರು ಹೇಳಿ, ಅವರು ಕೊಡ್ಲಿಕ್ಕೆ ಇದ್ದದ್ದನ್ನು ಬಿಟ್ಟಿದ್ದೇವೆ ಅಂತ ಹೇಳಿ."

ಅವನು ಜಡ್ಜಿನ ಮುಖ ನೋಡಿದ. ಇಂಥದ್ದು ಯಾವ ಪುಸ್ತಕದಲ್ಲೂ ಇಲ್ಲ ಎನ್ನುವ ಹಾಗೆ ವಕೀಲೆಯ ಮುಖವನ್ನೂ ನೋಡಿದ. ಜಡ್ಜು ಮುಂದಿನ ಫೈಲು ಎಳೆದುಕೊಳ್ಳುತ್ತ, "ಹೇಳಿ ಮಾರಾಯ್ರೆ, ನಿಮ್ಮದು ಎಂತ ಹೋಗ್ತದೆ?" ಎಂದರು.

ಅವನು ಕಾಗದದಲ್ಲಿ ಉಪ್ಪನ ಹೆಸರು ಹುಡುಕಿ, ಓದಿ, ಗಂಟಲಲ್ಲೇ ಏನೋ ಗೊಣಗಿದ.

"ನನ್ನ ಮೈದುನ ಮಸೀದಿಯಲ್ಲಿ ಹೇಳಿದ್ದು ಕೊನೆಯ ಸಾಲಿನವರಿಗೂ ಕೇಳಿದೆಯಂತೆ" ಎಂದಳು ಉಮ್ಮ. "ಅಷ್ಟು ಜೋರಾಗಿ ಹೇಳಿ."

ಅವನು ಎದ್ದು ನಿಂತ. ಯಾಕೆ ಎದ್ದನೋ ಅವನಿಗೇ ಗೊತ್ತಿರಲಿಲ್ಲ ಎಂದು ಕಾಣುತ್ತದೆ. ಉಪ್ಪನ ಪೂರ್ತಿ ಹೆಸರನ್ನು ಹೇಳಿ, "ಇವರು ನಮ್ಮ ಬ್ಯಾಂಕಿಗೆ ಕೊಡಬೇಕಾಗಿದ್ದ ಬಾಕಿಯನ್ನು ನಾವು ಬಿಟ್ಟಿದ್ದೇವೆ" ಎಂದು ಗಟ್ಟಿಯಾಗಿ ಹೇಳಿದ. ಪಕ್ಕದ ಮೇಜುಗಳ ಜಗಳ ನಿಂತಿತು. ಬಾಗಿಲಲ್ಲಿ ನಿಂತಿದ್ದ ಪೊಲೀಸನೂ ತಿರುಗಿ ನೋಡಿದ.

"ಕೇಳಿತಲ್ಲ" ಎಂದಳು ಉಮ್ಮ. ನನ್ನನ್ನು ಕೇಳಿದ್ದೆಂದುಕೊಂಡು ಹೂಂ ಎಂದೆ. ಅವಳು ನನ್ನ ಕಡೆ ನೋಡುತ್ತಿರಲಿಲ್ಲ. ಆಮೇಲೆ ಸಹಿ ಹಾಕಿದಳು.

ಆ ವಕೀಲನಿಗೆಂದು ಕೂಡಿಟ್ಟಿದ್ದ ಬೈಗುಳ ನನ್ನ ಬಾಯಲ್ಲೇ ಉಳಿಯಿತು. ಅವನಿಗೆ ಬೈಯಲು ಇನ್ನು ಮನಸ್ಸಾಗಲಿಲ್ಲ. ಮೆಟ್ಟಿಲಿಳಿದು ಹೊರಗೆ ಬಂದರೆ ಪಾರ್ಕಿಂಗಿನಲ್ಲಿ ಚಿಕ್ಕಪ್ಪ ವ್ಯಾನಿನೊಳಗಿಂದ ತನ್ನ ಛತ್ರಿ, ನೀರಿನ ಬಾಟಲಿ ತೆಗೆದುಕೊಳ್ಳುತ್ತಿದ್ದ. ನಮ್ಮನ್ನು ನೋಡಿ ಹಲ್ಲು ಕಿರಿದು, "ಹೇಗೂ ಅಣ್ಣನ ಸಾಲ ತೀರಿತಲ್ಲ ಅತ್ತಿಗೆ. ಈ ಶುಕ್ರವಾರ ಜುಮಾ ಆದ ಮೇಲೆ ಎದ್ದು ನಿಂತು ನಾನೇ ಎಲ್ಲರಿಗೂ ಹೇಳ್ತೇನೆ" ಎಂದ.

ಆಗ ನಾನು ಶುರು ಮಾಡಿದೆ. ಅವನಿಗೂ ಅವನ ಗಂಟಲಿಗೂ ಮಸೀದಿಯ ದಿನದಿಂದ ಹಿಡಿದು ಟಯರಿನವರೆಗೆ ಒಂದನ್ನೂ ಬಿಡಲಿಲ್ಲ. ಜನ ಸೇರಿದರು. ಅವನು ಛತ್ರಿಯನ್ನು ಎದೆಗೆ ಹಿಡಿದುಕೊಂಡು ಉಮ್ಮನ ಮುಖ ನೋಡಿದ, ಇವಳನ್ನು ಸುಮ್ಮನಿರಿಸಿ ಎನ್ನುವ ಹಾಗೆ. ಉಮ್ಮ ನನ್ನ ಹೆಗಲಿನ ಬ್ಯಾಗನ್ನು ತೆಗೆದು ತನ್ನ ಹೆಗಲಿಗೆ ಹಾಕಿಕೊಂಡಳು, ಮತ್ತು ನಾನು ಹೇಳಿ ಮುಗಿಸುವವರೆಗೆ ನನ್ನ ಪಕ್ಕದಲ್ಲೇ ನಿಂತಳು.